ಒಂದು ಕಿಲೋ ಎಲೆ, ಹದಿಮೂರು ಹಲ್ಲಿನ ಗೇರು

೨೦೦೩ನೇ ಇಸವಿ ಫೆಬ್ರವರಿ ೯, ಭಾನುವಾರ. ಆ ದಿನದ ನನ್ನ ಡೈರಿಯಲ್ಲಿ ಹೀಗಿದೆ: “ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ. ಮಧ್ಯಾಹ್ನ ಎರಡೂವರೆಗೆ ಯಜಮಾನರು ಊಟದ ಮೇಜಿನ ಮೇಲೆ ಲಾರಿ ಬಿಚ್ಚಿ ಹರಡಿದರು. ಮೇಜು ಯಾವಾಗ ಖಾಲಿಯಾಗುತ್ತದೆ ಎಂದು ಕೇಳಿದೆ. ಸ್ಕ್ರೂಡ್ರೈವರ್ ಎಲ್ಲಿ ಎಂದು ಕೇಳಿದರು.”

ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಬೇರೆಯವರ ಮನೆಗಳಲ್ಲೂ ನಡೆಯುತ್ತವೆ, ಅವರು ಬರೆದಿಡುವುದಿಲ್ಲ, ಅಷ್ಟೇ. ನಾನು ಮೈಸೂರಿನಲ್ಲಿ ಬಿಎಸ್ಸಿ ಓದಿದವಳು, ಭೌತಶಾಸ್ತ್ರ. ಕಂಡದ್ದನ್ನು ತಾರೀಖು ಹಾಕಿ ಬರೆಯದಿದ್ದರೆ ಅದು ಕಂಡ ಹಾಗೇ ಅಲ್ಲ ಎಂದು ನಮ್ಮ ಪ್ರಯೋಗಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮದುವೆಯಾಗಿ ನೀಲಗಿರಿ ಬೆಟ್ಟದ ಮಂಜೂರಿನ ಪಕ್ಕದ ಈ ಟೀ ತೋಟಕ್ಕೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ.

ಲಾರಿ ಎಂದರೆ ನಿಜವಾದ ಲಾರಿಯಲ್ಲ, ರಿಮೋಟಿನಿಂದ ಓಡಿಸುವುದು. ಹಡಗಿನಲ್ಲಿ ಕೆಲಸ ಮಾಡುವ ನನ್ನ ತಮ್ಮ ಸಿಂಗಪುರದಿಂದ ತಂದುಕೊಟ್ಟದ್ದು. ಮಲಗಿದ ಬೆಕ್ಕಿನಷ್ಟು ಉದ್ದ, ನಾಲ್ಕು ದೊಡ್ಡ ಚಕ್ರ, ಹಿಂದೆ ಸಾಮಾನು ಹೇರುವ ತೊಟ್ಟಿ. ಮುಂದೆ ಮೊಮ್ಮಕ್ಕಳಿಗಾಗಲಿ ಎಂದು ತಂದನೋ ಏನೋ, ಪೆಟ್ಟಿಗೆ ಬಿಚ್ಚಿದವರು ನಮ್ಮ ಯಜಮಾನರು. ಮೂವತ್ತು ವರ್ಷ ಟೀ ಫ್ಯಾಕ್ಟರಿಯಲ್ಲಿ ಫೋರ್ಮನ್ ಆಗಿ ಎಲೆ ಹೊಸೆಯುವ ರೋಲರುಗಳನ್ನು ಓಡಿಸಿ ನಿವೃತ್ತರಾದವರು. ರಿಟೈರಾದ ಮೇಲೆ ಆರು ತಿಂಗಳು ಕಿಟಕಿ ಪಕ್ಕ ಕೂತು ಮಂಜು ನೋಡುತ್ತಿದ್ದರು. ಲಾರಿ ಬಂದ ದಿನ ಎದ್ದರು.

೧. ಪಂದ್ಯ

ನಮ್ಮ ತೋಟ ಕೆಳಗೆ ತೊರೆಯವರೆಗೆ ಇಳಿಯುತ್ತದೆ. ತೊರೆಯ ದಂಡೆಯಿಂದ ಮೇಲೆ ರಸ್ತೆಗೆ, ಅಂದರೆ ಎಲೆ ಶೆಡ್ಡಿಗೆ, ಒಂದು ಕಾಲುದಾರಿಯಿದೆ. ಸುತ್ತಿನ ಸಣ್ಣ ತೋಟದವರೆಲ್ಲ ಕಿತ್ತ ಎಲೆಯನ್ನು ಚೀಲದಲ್ಲಿ ಹೊತ್ತು ಈ ಶೆಡ್ಡಿಗೆ ತರುತ್ತಾರೆ, ಮಧ್ಯಾಹ್ನ ಫ್ಯಾಕ್ಟರಿ ಲಾರಿ ಬಂದು ತೂಕ ಹಾಕಿಕೊಂಡು ಹೋಗುತ್ತದೆ. ಆ ದಾರಿ ಎಷ್ಟು ಕಡಿದೆಂದರೆ ಮೇಲೆ ಹತ್ತುವವನ ಮೂಗು ನೆಲಕ್ಕೆ ಹತ್ತಿರ ಇರುತ್ತದೆ.

ಡಿಸೆಂಬರಿನ ಒಂದು ದಿನ ಯಜಮಾನರು ಖಾಲಿ ಲಾರಿಯನ್ನು ಆ ದಾರಿಗೆ ಬಿಟ್ಟರು. ಅರ್ಧಕ್ಕೆ ಹೋಗಿ ಹೊಟ್ಟೆಯೊಳಗೆ ಕಟಕಟ ಎಂದು ಸದ್ದು ಮಾಡಿ ನಿಂತಿತು. ಪ್ಲಾಸ್ಟಿಕ್ ಗೇರಿನ ಹಲ್ಲು ಉದುರಿತ್ತು. ಪಕ್ಕದ ತೋಟದ ಒಡೆಯರು, ಕಸುಬಿನಲ್ಲಿ ಜೀಪ್ ಡ್ರೈವರ್, ಚೀಲ ಇಳಿಸಿ ಅಲ್ಲೇ ಸುಧಾರಿಸಿಕೊಳ್ಳುತ್ತಿದ್ದರು. ನಲವತ್ತೈದು ವಯಸ್ಸು, ಎತ್ತಿನಂಥ ಮೈ. ಅವರ ಮಾತು ಈ ಬೆಟ್ಟದ ಬಡಗ ಭಾಷೆ, ನಾನು ನಮ್ಮ ಕನ್ನಡದಲ್ಲಿ ಬರೆಯುತ್ತೇನೆ.

“ಫೋರ್ಮನ್ ಅಣ್ಣ, ಅದಕ್ಕೆ ಒಂದು ಲೋಟ ಕಾಫಿ ಕೊಡಿ. ಸುಸ್ತಾಗಿದೆ.”

“ಇದು ಪ್ಲಾಸ್ಟಿಕ್ ಗೇರಪ್ಪ. ಉಕ್ಕಿನದು ಹಾಕಿ, ಮೋಟಾರ್ ಬದಲಾಯಿಸಿದರೆ ಒಂದು ಕಿಲೋ ಎಲೆ ಹೊತ್ತುಕೊಂಡು ಶೆಡ್ಡಿಗೆ ಹೋಗುತ್ತೆ.”

“ಒಂದು ಕಿಲೋ?”

“ಒಂದು ಕಿಲೋ.”

“ಹೋಗದಿದ್ದರೆ?”

“ಒಂದು ತಿಂಗಳು ನಿನ್ನ ಎಲೆ ಚೀಲ ನಾನು ಹೊರುತ್ತೇನೆ.”

“ಹೋದರೆ ನಿಮ್ಮದು ನಾನು ಹೊರುತ್ತೇನೆ.”

ಇಬ್ಬರೂ ಕೈ ಕೈ ಹಿಡಿದರು. ಚೀಲ ಎಂದರೆ ನಲವತ್ತು ಕಿಲೋ. ನಮ್ಮ ಚೀಲ ಹೊರಲು ಆಳಿದ್ದಾನೆ. ಯಜಮಾನರಿಗೆ ಐವತ್ತೊಂಬತ್ತು, ಬಲ ಮೊಣಕಾಲು ಮಡಿಚಿದರೆ ಪಕ್ಕದ ಕೋಣೆಗೆ ಕೇಳಿಸುತ್ತದೆ. ಭಾರ ಎತ್ತಲೇಬೇಡಿ ಎಂದು ಊಟಿಯ ಡಾಕ್ಟರು ಹೇಳಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಕೇಳಿದೆ. “ಮೊಣಕಾಲು ಯಾರದು?”

“ನನ್ನದು.”

“ರಾತ್ರಿ ಎಣ್ಣೆ ತಿಕ್ಕುವವರು ಯಾರು?”

ಅವರು ಮೋಟಾರು, ಗೇರು ಕಳಿಸು ಎಂದು ನನ್ನ ತಮ್ಮನಿಗೆ ಕಾಗದ ಬರೆಯಲು ಕೂತರು.

೨. ಕಾಗದದ ದಪ್ಪ

ಫೆಬ್ರವರಿಯಲ್ಲಿ ಪಾರ್ಸೆಲ್ ಬಂತು. ಒಂದು ಮೋಟಾರು, ಉಕ್ಕಿನ ಗೇರುಗಳು, ಹೊಸ ಬ್ಯಾಟರಿ, ಇಂಗ್ಲಿಷಿನಲ್ಲಿ ಒಂದು ಪುಸ್ತಿಕೆ. ಓದುವವಳು ನಾನು, ಬಿಚ್ಚುವವರು ಅವರು ಎಂದು ಕೆಲಸ ಹಂಚಿಕೊಂಡೆವು.

ಮೋಟಾರಿನ ತುದಿಗೆ ಸಿಕ್ಕಿಸುವ ಚಿಕ್ಕ ಗೇರುಗಳು ಎರಡಿದ್ದವು. ಒಂದಕ್ಕೆ ಹದಿಮೂರು ಹಲ್ಲು, ಇನ್ನೊಂದಕ್ಕೆ ಹತ್ತೊಂಬತ್ತು. ನಾನು ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ ಹೇಳಿದೆ, “ಹದಿಮೂರು ಹಾಕಿ. ನಿಧಾನ ಹೋಗುತ್ತೆ, ಆದರೆ ಎಳೆಯುವ ಬಲ ಜಾಸ್ತಿ.”

“ಸಣ್ಣ ಗೇರು ಸಣ್ಣ ಕೆಲಸಕ್ಕೆ” ಎಂದು ಹತ್ತೊಂಬತ್ತನ್ನು ಹಾಕಿದರು. ಲಾರಿ ಅಂಗಳದಲ್ಲಿ ಬಾಣದಂತೆ ಹೋಯಿತು. ದಾರಿಗೆ ಬಿಟ್ಟಾಗ ಹತ್ತು ಹೆಜ್ಜೆಯಲ್ಲಿ ನಿಂತು ಸುಟ್ಟ ವಾಸನೆ ಬಂತು. ಮೋಟಾರ್ ಬಿಸಿಯಾಗಿದೆಯೇ ಎಂದು ಯಜಮಾನರು ಬೆರಳಿಟ್ಟು ನೋಡಿದರು. ಮರುದಿನ ಬೆಳಿಗ್ಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು, “ನನಗೆ ಒಂದು ಯೋಚನೆ ಬಂತು. ಹದಿಮೂರು ಹಾಕಿದರೆ ಹೇಗೆ?” ಎಂದರು. ಒಳ್ಳೆಯ ಯೋಚನೆ ಎಂದೆ.

ಎರಡು ಗೇರುಗಳ ಹಲ್ಲು ತೀರಾ ಒತ್ತಿ ಕೂರಬಾರದು, ತೀರಾ ಸಡಿಲವೂ ಆಗಬಾರದು. ಅದಕ್ಕೆ ಪುಸ್ತಿಕೆಯಲ್ಲಿ ಒಂದು ಉಪಾಯವಿತ್ತು. ನಡುವೆ ತೆಳ್ಳನೆಯ ಕಾಗದ ಇಟ್ಟು, ಗೇರುಗಳನ್ನು ಒತ್ತಿ ಸ್ಕ್ರೂ ಬಿಗಿ ಮಾಡಿ, ಆಮೇಲೆ ಚಕ್ರ ತಿರುಗಿಸಿ ಕಾಗದವನ್ನು ಹೊರಗೆ ತೆಗೆಯಬೇಕು. ಆ ಕಾಗದದ ದಪ್ಪದಷ್ಟು ಸಂದು ಸಾಕು. ಇದನ್ನು ಓದಿ ಹೇಳಿ ಹಾಲು ಉಕ್ಕುತ್ತದೆಂದು ಒಳಗೆ ಹೋದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಗೇರಿನ ಆಚೆಯಿಂದ ಒಂದು ಕಾಗದದ ಪಟ್ಟಿ ಅಂಕುಡೊಂಕಾಗಿ ಹೊರಬರುತ್ತಿತ್ತು. ಮೇಲೆ ನನ್ನ ಅಕ್ಷರ.

“ರೀ, ಇದು ನನ್ನ ಡೈರಿ.”

“ಕೈಗೆ ಸಿಕ್ಕಿದ್ದು ಅದೇ. ತೆಳ್ಳಗಿತ್ತು.”

ಆ ಡೈರಿಯಲ್ಲಿ ಅದಾಗಲೇ ನಲವತ್ತು ಪುಟ ತುಂಬಿತ್ತು, ಮುನ್ನೂರಕ್ಕೂ ಮೇಲೆ ಖಾಲಿ ಇತ್ತು. ಹರಿದದ್ದು ಜನವರಿಯ ಒಂದು ಪುಟ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು “ತಪ್ಪು ನನ್ನದೇ” ಎಂದು ಒಪ್ಪಿಕೊಂಡದ್ದು ಒಂದೇ ಸಲ, ಅದನ್ನು ಬರೆದಿಟ್ಟ ಪುಟ ಅದೊಂದೇ.

೩. ಕೆಂಪು ಬಣ್ಣ

ಉಕ್ಕಿನ ಗೇರಿನ ಸ್ಕ್ರೂ ಓಡುವಾಗ ಅದುರಿ ಅದುರಿ ಸಡಿಲವಾಗುತ್ತದೆ. ಅದಕ್ಕೊಂದು ಅಂಟು ಬರುತ್ತದೆ, ಸಿಗದಿದ್ದರೆ ಉಗುರು ಬಣ್ಣ ಹಚ್ಚಿದರೂ ಹಿಡಿಯುತ್ತದೆ ಎಂದು ತಮ್ಮ ಬರೆದಿದ್ದ. ಸೊಸೆಯ ಬಳಿ ಇದ್ದ ಸೀಸೆ ಒಣಗಿಹೋಗಿತ್ತು. ಯಜಮಾನರು ಬಸ್ಸು ಹತ್ತಿ ಮಂಜೂರಿನ ಫ್ಯಾನ್ಸಿ ಅಂಗಡಿಗೆ ಹೋದರು. ಅವರು ಅಂಗಡಿಯಲ್ಲಿ ಒಂದಕ್ಕೆರಡು ಮಾತಾಡುವವರಲ್ಲ. ಅಂಗಡಿಯ ಹೆಂಗಸು ಮಾತು ಬಿಡುವವಳಲ್ಲ.

“ಉಗುರಿನ ಬಣ್ಣ ಬೇಕಾ? ಅಕ್ಕನಿಗಾ ಅಣ್ಣ?”

“ಅಲ್ಲ.”

“ಸೊಸೆಗಾ?”

“ಅಲ್ಲ. ಬೇರೆ.”

“ಯಾವ ಕಲರ್ ಕೊಡಲಿ?”

“ಯಾವುದಾದರೂ ಸರಿ. ಹೊರಗೆ ಯಾರಿಗೂ ಕಾಣಿಸುವುದಿಲ್ಲ.”

ಇಷ್ಟೇ ನಡೆದದ್ದು. ಅವರು ನಾಲ್ಕು ಗಂಟೆಯ ಬಸ್ಸಿಗೆ ಕಾದು, ಇಳಿದು, ನಿಧಾನವಾಗಿ ಮೊಣಕಾಲು ನೋಡಿಕೊಂಡು ಮನೆಗೆ ಬರುವಷ್ಟರಲ್ಲಿ ಪಕ್ಕದ ಊರಿನ ಇಬ್ಬರು ಹೆಂಗಸರು ನಮ್ಮ ಜಗಲಿಯಲ್ಲಿ ಕೂತಿದ್ದರು. ಒಬ್ಬಳು ನನ್ನ ಕೈ ಹಿಡಿದುಕೊಂಡಿದ್ದಳು.

“ಈ ವಯಸ್ಸಿನಲ್ಲಿ ಗಂಡಸರಿಗೆ ಒಂದೊಂದು ಸಲ ಹೀಗಾಗುತ್ತೆ ಅಕ್ಕ. ನೀವು ಓದಿದವರು, ಮನಸ್ಸು ಗಟ್ಟಿ ಮಾಡಿಕೊಳ್ಳಿ.”

“ಹಾಗೆಂದರೆ ಏನು?”

“ಅಣ್ಣ ಯಾರಿಗೋ ಉಗುರಿನ ಬಣ್ಣ ಕೊಂಡರಂತೆ. ಮನೆಯವರಿಗಲ್ಲ ಅಂತ ಅವರ ಬಾಯಲ್ಲೇ ಬಂತಂತೆ.”

ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಇನ್ನೂ ಗಾಬರಿಯಾಯಿತು. “ಗೊತ್ತಮ್ಮ. ಅವಳು ಎರಡು ವಾರದಿಂದ ನಮ್ಮ ಮನೆಯಲ್ಲೇ ಇದ್ದಾಳೆ, ಊಟದ ಮೇಜಿನ ಮೇಲೆ” ಎಂದು ಒಳಗೆ ಕರೆದೊಯ್ದು ತೋರಿಸಿದೆ. ಅಷ್ಟರಲ್ಲಿ ಯಜಮಾನರೂ ಬಂದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಉಸಿರು ಬಿಗಿಹಿಡಿದು, ಸಾಸಿವೆಯಷ್ಟು ದೊಡ್ಡ ಸ್ಕ್ರೂಗೆ ಕೆಂಪು ಬಣ್ಣ ಹಚ್ಚತೊಡಗಿದರು. ಹಚ್ಚಿದ ಮೇಲೆ ಊದಿ ಒಣಗಿಸಿದರು.

ಇಬ್ಬರೂ ಬಹಳ ಹೊತ್ತು ನೋಡಿದರು. ಹೊರಗೆ ಬಂದ ಮೇಲೆ ದೊಡ್ಡವಳು ನನ್ನ ಕಿವಿಯಲ್ಲಿ ಹೇಳಿದಳು: “ಇದಕ್ಕಿಂತ ಅದೇ ಆಗಿದ್ದರೆ ನಮಗೂ ಅರ್ಥವಾಗುತ್ತಿತ್ತು ಅಕ್ಕ.”

೪. ನೀಲಗಿರಿ ಎಣ್ಣೆ

ನಮ್ಮ ಬೆಟ್ಟದಲ್ಲಿ ನೀಲಗಿರಿ ಎಣ್ಣೆ ಇಲ್ಲದ ಮನೆಯಿಲ್ಲ. ನೆಗಡಿಗೆ ಅದೇ, ಕಾಲು ನೋವಿಗೆ ಅದೇ, ಇರುವೆ ಬಂದರೆ ಅದೇ, ಸೀರೆಗೆ ಕಲೆಯಾದರೆ ಅದೇ. ಆದ್ದರಿಂದ ಹೊಸ ಗೇರು ಒರಟಾಗಿ ತಿರುಗುತ್ತಿದೆ ಎನಿಸಿದಾಗ ಯಜಮಾನರ ಕೈ ಬೇರೆಲ್ಲಿಗೂ ಹೋಗಲಿಲ್ಲ. ಎರಡು ಮುಚ್ಚಳ ಹೊಯ್ದರು. ಸಾಲದೆಂದು ಇನ್ನೊಂದು.

ಆ ಎಣ್ಣೆ ಜಾರಿಸುವುದಲ್ಲ, ಜಿಡ್ಡು ಕರಗಿಸುವುದು. ನನ್ನ ತಮ್ಮ ಗೇರುಗಳಿಗೆ ಬಳಿದು ಕಳಿಸಿದ್ದ ಗ್ರೀಸೆಲ್ಲ ಕರಗಿ ನನ್ನ ಮೇಜುಬಟ್ಟೆಗೆ ಇಳಿಯಿತು. ಗೇರು ಒಣಗಿ ಕೀರಿಡತೊಡಗಿತು. ಪರೀಕ್ಷೆಗೆಂದು ರಸ್ತೆಗೆ ಬಿಟ್ಟರೆ ಲಾರಿ ಕೂಗುತ್ತಾ, ಔಷಧದ ಅಂಗಡಿಯ ಘಮ ಬೀರುತ್ತಾ ಹೊರಟಿತು. ಮೋಟಾರಿನ ಬಿಸಿಗೆ ಎಣ್ಣೆ ಹಬೆಯಾಡುತ್ತಿತ್ತು.

ಆ ವಾರ ಜೀಪ್ ಡ್ರೈವರಿಗೆ ಭಾರಿ ನೆಗಡಿ. ಮಫ್ಲರು ಸುತ್ತಿಕೊಂಡು ಮೋರಿ ಕಟ್ಟೆಯ ಮೇಲೆ ಕೂತಿದ್ದವರು ಲಾರಿ ಹಾದುಹೋಗುತ್ತಲೇ ತಲೆ ಎತ್ತಿದರು. ಎದ್ದು ನಿಂತರು. ಲಾರಿಯ ಹಿಂದೆಯೇ ಬಗ್ಗಿ ನಡೆಯತೊಡಗಿದರು. ಪಂದ್ಯ ಕಟ್ಟಿದ ಎದುರಾಳಿ ಹೀಗೆ ಬಗ್ಗಿ ಬಗ್ಗಿ ನೋಡುತ್ತಿರುವುದು ಯಜಮಾನರಿಗೆ ಅನುಮಾನ ತಂದಿತು.

“ಏನಪ್ಪಾ, ಗೇರು ಎಣಿಸುತ್ತಿದ್ದೀಯಾ?”

“ಇಲ್ಲ ಅಣ್ಣ. ಇನ್ನೊಂದು ರೌಂಡ್ ಬಿಡಿ. ಎಡಗಡೆ ಮೂಗು ಬಿಟ್ಟಿತು, ಬಲಗಡೆ ಬಾಕಿ ಇದೆ.”

೫. ಹಿಂದೆ ಮುಂದೆ

ಗ್ರೀಸು ಹೋದ ಮೇಲೆ ಎಲ್ಲವನ್ನೂ ಮತ್ತೆ ಬಿಚ್ಚಿ, ತೊಳೆದು, ಗ್ರೀಸು ಹಾಕಿ ಜೋಡಿಸಬೇಕಾಯಿತು. ಮಾರ್ಚಿಗೆಂದು ಗೊತ್ತುಮಾಡಿದ್ದ ಪಂದ್ಯಕ್ಕೆ ಆರು ದಿನ ಉಳಿದಿತ್ತು. ಪುಸ್ತಿಕೆ ಬೇಡ, ಕೈಗೆ ಅಭ್ಯಾಸವಾಗಿದೆ ಎಂದರು. ಬೇಡವೆಂದ ಮೇಲೆ ನಾನೇಕೆ ಓದಲಿ. ಆದರೂ ಪಕ್ಕದಲ್ಲಿ ಕೂತು “ಅದು ಆ ಕಡೆ ಅಲ್ಲವಾ?” ಎಂದು ಏಳು ಸಲ ಕೇಳಿದೆ, ಅವರು ಏಳು ಸಲವೂ “ಸುಮ್ಮನಿರು” ಎಂದರು.

ಜೋಡಿಸಿ ನೆಲಕ್ಕಿಟ್ಟು ರಿಮೋಟು ಒತ್ತಿದರು. ಮೋಟಾರು ಗುಂಯ್ ಎಂದಿತು. ಲಾರಿ ಇದ್ದಲ್ಲೇ ಗಡಗಡ ನಡುಗಿತು, ಒಂದಂಗುಲ ಕದಲಲಿಲ್ಲ. ಬ್ಯಾಟರಿ ಬದಲಾಯಿಸಿದರು. ಇನ್ನೂ ಜೋರಾಗಿ ನಡುಗಿತು. ಹಿಂದಕ್ಕೆ ಒತ್ತಿದರೂ ಅಷ್ಟೇ. ಮೋಟಾರು ಸತ್ತಿದೆ ಎಂದರು ಅವರು. ಸತ್ತಿದ್ದರೆ ಕೂಗುವುದು ಯಾರು ಎಂದೆ ನಾನು. ಅಲ್ಲಿಂದ ಮಾತು ಫ್ಯಾಕ್ಟರಿಯಲ್ಲಿ ಅವರ ಮೂವತ್ತು ವರ್ಷಕ್ಕೂ, ನನ್ನ ಬಿಎಸ್ಸಿಗೂ, ಎರಡೂ ಮನೆತನಗಳಿಗೂ ಹೋಯಿತು.

ಸೊಸೆ ಬೀನ್ಸ್ ಸೋಸುತ್ತಾ ಕೂತಿದ್ದಳು. ಬಂದು ಎರಡು ವರ್ಷವಾಗಿದ್ದರೂ ಮಾವನ ಎದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಅವಳೇ ಎದ್ದು ಬಂದು ಲಾರಿಯನ್ನು ನೆಲದಿಂದ ಮೇಲೆತ್ತಿದಳು. “ಮಾವ, ಈಗ ಒತ್ತಿ.”

ಒತ್ತಿದರು. ಮುಂದಿನ ಚಕ್ರಗಳು ಊಟಿಯ ಕಡೆಗೆ ತಿರುಗುತ್ತಿದ್ದವು, ಹಿಂದಿನವು ಮಂಜೂರಿನ ಕಡೆಗೆ. ಮುಂದಿನ ಚಕ್ರಗಳ ಗೇರು ಪೆಟ್ಟಿಗೆಯಲ್ಲಿ ಗೇರನ್ನು ಮಗುಚಿ ಕೂರಿಸಿದ್ದರು.

ಸೊಸೆ ಲಾರಿಯನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು: “ಏನೂ ಕೆಟ್ಟಿಲ್ಲ ಮಾವ. ನಮ್ಮ ಮನೆಯ ಥರಾನೇ ಆಗಿದೆ. ಇಬ್ಬರೂ ಜೋರಾಗಿ ಎಳೀತಿದ್ದೀರಿ, ಗಾಡಿ ಎಲ್ಲಿಗೂ ಹೋಗ್ತಿಲ್ಲ.”

ಈ ಮಾತನ್ನು ಡೈರಿಗೆ ಹಾಕಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕೊನೆಗೆ ಪೆನ್ಸಿಲ್ಲಿನಲ್ಲಿ ಬರೆದೆ.

೬. ಎಲೆ ಶೆಡ್ಡು

ಪಂದ್ಯ ಮಾರ್ಚ್ ತಿಂಗಳ ಒಂದು ಬುಧವಾರ. ಮೂರು ವಾರದಿಂದ ಒಂದು ಹನಿ ಮಳೆಯಿಲ್ಲ. ಕಾಲಿಟ್ಟರೆ ದೂಳೇಳುತ್ತಿತ್ತು. ಶೆಡ್ಡಿನ ಮುಂದೆ ನಲವತ್ತು ಜನ ಸೇರಿದ್ದರು.

ಕೆಳಗೆ ತೊರೆಯ ದಂಡೆಯಲ್ಲಿ ಜೀಪ್ ಡ್ರೈವರ್ ತಾವೇ ತಕ್ಕಡಿ ಹಿಡಿದು ಒಂದು ಕಿಲೋ ಎಲೆ ತೂಗಿದರು. ಒಂದೆಲೆ ಹಾಕಿ, ಅರ್ಧ ಎಲೆ ತೆಗೆದು, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಬಿಡಲಿಲ್ಲ. ಎಲೆಯನ್ನು ಯಜಮಾನರ ಟವೆಲಿನಲ್ಲಿ ಗಂಟು ಕಟ್ಟಿ ತೊಟ್ಟಿಯಲ್ಲಿಟ್ಟೆವು. ಯಾರೂ ಕೈ ಹಾಕಬಾರದು, ಕಾಲು ತಾಗಿಸಬಾರದು ಎಂದು ಮಾತಾಯಿತು.

ಲಾರಿ ಹೊರಟಿತು. ಓಡಲಿಲ್ಲ, ನಡೆಯಿತು. ತಲೆಯ ಮೇಲೆ ಭಾರ ಹೊತ್ತ ಹೆಂಗಸು ಹತ್ತುವ ಹಾಗೆ ಗುರ್ ಗುರ್ ಎನ್ನುತ್ತಾ ಒಂದೊಂದೇ ಗೇಣು ಹತ್ತಿತು. ಪಕ್ಕದಲ್ಲಿ ರಿಮೋಟು ಹಿಡಿದು ಯಜಮಾನರು, ಅವರ ಪಕ್ಕ ಜೀಪ್ ಡ್ರೈವರ್, ಹಿಂದೆ ನಾನು. ಡ್ರೈವರ್ ಹೆಜ್ಜೆ ಹೆಜ್ಜೆಗೂ “ನಿಂತಿತು, ನಿಂತಿತು” ಎನ್ನುತ್ತಿದ್ದರು. ಎರಡನೆಯ ತಿರುವಿನಲ್ಲಿ ನಿಜವಾಗಿಯೂ ನಿಂತಿತು. ಸವರಿದ ಟೀ ಗಿಡದ ಬುಡಕ್ಕೆ ಚಕ್ರ ಸಿಕ್ಕಿತ್ತು. ಯಜಮಾನರು ಮುಂದಕ್ಕೇ ಒತ್ತುತ್ತಿದ್ದರು. ನನ್ನ ಕಣ್ಣು ಲಾರಿಯ ಮೇಲಿರಲಿಲ್ಲ, ಅವರ ಮೊಣಕಾಲಿನ ಮೇಲಿತ್ತು.

“ಸ್ವಲ್ಪ ಹಿಂದೆ ತಗೊಂಡು ಎಡಕ್ಕೆ ತಿರುಗಿಸಿ” ಎಂದೆ. ಅವತ್ತು ಅವರು ಸುಮ್ಮನಿರು ಎನ್ನಲಿಲ್ಲ. ಹಿಂದೆ ತೆಗೆದುಕೊಂಡರು, ತಿರುಗಿಸಿದರು. ಲಾರಿ ಬುಡವನ್ನು ದಾಟಿ, ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಏರಿ, ಶೆಡ್ಡಿನ ಹೊಸ್ತಿಲಿಗೆ ಮುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಜೀಪ್ ಡ್ರೈವರ್ ಗೋಡೆಗೆ ಒರಗಿಸಿದ್ದ ನಮ್ಮ ಚೀಲವನ್ನು ಒಮ್ಮೆ ನೋಡಿದರು.

“ಮೇಲೆ ಬಂದರೆ ಆಯಿತಾ? ತೂಕ ಹಾಕಲಿ. ದಾರಿಯಲ್ಲಿ ಎಷ್ಟು ಉದುರಿತೋ.”

ಫ್ಯಾಕ್ಟರಿಯ ಗುಮಾಸ್ತ ಟವೆಲು ಬಿಚ್ಚಿ ಎಲೆಯನ್ನು ತಕ್ಕಡಿಗೆ ಸುರಿದ. ಮುಳ್ಳು ನೆಟ್ಟಗೆ ನಿಂತಿತು. ಒಂದು ಕಿಲೋ. ಯಜಮಾನರು ಎದೆ ಸೆಟೆಸಿ “ಬಿಲ್ ಬರಿ” ಎಂದರು.

“ಯಾರ ಹೆಸರಿಗೆ ಸಾರ್?”

“ಹೊತ್ತು ತಂದವನ ಹೆಸರಿಗೆ. ಲಾರಿ ಅಂತ ಬರಿ.”

ಗುಮಾಸ್ತ ಬರೆದು, ಹರಿದು, ಕೊಟ್ಟ. ಜೀಪ್ ಡ್ರೈವರ್ ಇಣುಕಿ ನೋಡಿದವರು ಬಿಲ್ಲನ್ನು ಕಸಿದುಕೊಂಡು ಎತ್ತಿ ಹಿಡಿದರು. “ಎಲ್ಲರೂ ನೋಡಿ. ಒಂಬೈನೂರು ಗ್ರಾಂ.”

ಆ ಫ್ಯಾಕ್ಟರಿಗೆ ಒಂದು ಪದ್ಧತಿಯಿತ್ತು. ಮಳೆಗಾಲದಲ್ಲಿ ಎಲೆಯ ಮೇಲೆ ನೀರಿರುತ್ತದೆಂದು ನೂರಕ್ಕೆ ಹತ್ತು ಕಡಿದು ಬರೆಯುತ್ತಿದ್ದರು. ಮಳೆ ನಿಂತರೂ ಕಡಿಯುವುದು ನಿಂತಿರಲಿಲ್ಲ. ಗುಮಾಸ್ತ ಬೇಕೆಂದು ಮಾಡಿದ್ದಲ್ಲ, ಕೈಗೆ ರೂಢಿಯಾಗಿತ್ತು.

“ಪಂದ್ಯ ಒಂದು ಕಿಲೋಗೆ. ಬಿಲ್ಲಿನಲ್ಲಿ ಒಂಬೈನೂರು. ಸೋತಿರಿ ಫೋರ್ಮನ್ ಅಣ್ಣ. ನಾಳೆಯಿಂದ ನನ್ನ ಚೀಲ.”

ನಾನು ಮುಂದೆ ಬಂದೆ. “ತೂಗಿ ಕಟ್ಟಿದವರು ನೀವೇ ಅಲ್ಲವಾ?”

“ಎಲೆ ಒಂದು ಕಿಲೋ ಇತ್ತಕ್ಕ. ಅದರಲ್ಲಿ ನೂರು ಗ್ರಾಂ ನೀರು. ಫ್ಯಾಕ್ಟರಿಯವರು ಸರಿಯಾಗಿಯೇ ಕಡಿದಿದ್ದಾರೆ.”

ಶೆಡ್ಡಿನವರೆಲ್ಲ ಮುಂದಕ್ಕೆ ಒತ್ತಿಕೊಂಡು ಬಂದರು. ಏಕೆಂದರೆ ಈ ನೀರಿನ ಕಡಿತದ ವಿರುದ್ಧ ಪ್ರತಿ ಮೀಟಿಂಗಿನಲ್ಲೂ ಮೊದಲು ಎದ್ದು ಮೇಜು ಗುದ್ದುವವರು ಇದೇ ಜೀಪ್ ಡ್ರೈವರ್. ಹಿಂದಿನ ವಾರವಷ್ಟೇ ಎಲ್ಲರ ಸಹಿ ಹಾಕಿಸಿ ಮ್ಯಾನೇಜರಿಗೆ ಅರ್ಜಿ ಕೊಟ್ಟು ಬಂದಿದ್ದರು.

ಗುಮಾಸ್ತನ ಮುಖ ಅರಳಿತು. ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಪೆನ್ನಿನ ಸಮೇತ ಮುಂದೆ ಹಿಡಿದ. “ಅಣ್ಣ, ಸರಿಯಾಗಿ ಕಡಿದಿದ್ದಾರೆ ಅಂದಿರಲ್ಲ, ಅದನ್ನೇ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಮ್ಯಾನೇಜರ್ ಹತ್ತಿರ ತೋರಿಸ್ತೀನಿ. ಅರ್ಜಿ ಕೊಟ್ಟವರೇ ಒಪ್ಪಿಕೊಂಡರು ಅಂದರೆ ನನಗೂ ತಲೆನೋವು ತಪ್ಪುತ್ತೆ.”

ನಲವತ್ತು ಜನ ಜೀಪ್ ಡ್ರೈವರನ್ನು ನೋಡಿದರು. ಅವರು ಹಾಳೆ ನೋಡಿದರು, ಜನರನ್ನು ನೋಡಿದರು, ಚೀಲ ನೋಡಿದರು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು “ಬರಿಯಪ್ಪ, ಏನು ಬರೀತೀಯೋ ನಾವೂ ನೋಡೋಣ” ಎಂದಳು.

ಅವರು ಬಿಲ್ಲನ್ನು ನಾಲ್ಕಾಗಿ ಮಡಿಚಿ ಯಜಮಾನರ ಕೈಗಿಟ್ಟರು. “ನೀರು ಎಲ್ಲಿಂದ ಬರಬೇಕು, ಮೂರು ವಾರದಿಂದ ತೊರೆಯಲ್ಲೇ ನೀರಿಲ್ಲ. ಎಲೆ ಒಂದು ಕಿಲೋನೇ. ನಿಮ್ಮ ಚೀಲ ಎತ್ತಿ ತಲೆ ಮೇಲಿಡಿ, ಫ್ಯಾಕ್ಟರಿ ಗಾಡಿಗೆ ಏರಿಸ್ತೀನಿ.”

ಆಗ ಜನ ಗುಮಾಸ್ತನ ಕಡೆ ತಿರುಗಿದರು. ಒಂದು ಕಿಲೋ ಎಂದು ತೀರ್ಮಾನವಾದ ಮೇಲೆ ಬಿಲ್ಲು ತಿದ್ದು ಎಂದು ಗದ್ದಲವಾಯಿತು. ಗುಮಾಸ್ತ ಪೆನ್ನನ್ನು ಜೇಬಿಗಿಟ್ಟುಕೊಂಡ.

“ಬಿಲ್ಲು ಲಾರಿ ಹೆಸರಿನಲ್ಲಿದೆ. ತಕರಾರಿದ್ದರೆ ಲಾರಿಯೇ ಬಂದು ಹೇಳಲಿ.”

ಜೀಪ್ ಡ್ರೈವರ್ ಒಂದು ತಿಂಗಳು ಒಂದು ದಿನವೂ ತಪ್ಪಿಸದೆ ನಮ್ಮ ಚೀಲ ಹೊತ್ತರು.

ಖರ್ಚಿನ ವಿವರ: ಮೋಟಾರು ಒಂಬೈನೂರು ರೂಪಾಯಿ, ಉಕ್ಕಿನ ಗೇರುಗಳು ಸಾವಿರದ ಇನ್ನೂರು, ಬ್ಯಾಟರಿ ಏಳುನೂರ ಐವತ್ತು. ಒಟ್ಟು ಎರಡು ಸಾವಿರದ ಎಂಟುನೂರ ಐವತ್ತು ರೂಪಾಯಿ. ಲಾರಿಯ ಸಂಪಾದನೆ, ಕಿಲೋಗೆ ಆರು ರೂಪಾಯಿಯಂತೆ ಒಂಬೈನೂರು ಗ್ರಾಮಿಗೆ, ಐದು ರೂಪಾಯಿ ನಲವತ್ತು ಪೈಸೆ.